ಕೆಟ್ಟಿದ್ದು ಒಂದೇ ನೀರು, ನಷ್ಟ ನೂರು ಮನೆಯದು

ಮಂಡ್ಯದಲ್ಲಿ ರೈತರು ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಗೆ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಫ್ಯಾಕ್ಟರಿ ನೀರು ಹರಿದು ಗದ್ದೆ ಕೆಟ್ಟರೆ ಯಾರ ಮೇಲೆ ಕೇಸು ಹಾಕಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊರಿಗೆ ಊರೇ ಬೆರಳು ತೋರಿಸುತ್ತದೆ. ಆದರೆ ಯಾರ ಯಾರ ಪರವಾಗಿ ಹಾಕಬೇಕು, ಎಲ್ಲಿ ಹಾಕಬೇಕು, ಏನು ಕೇಳಬೇಕು ಅನ್ನುವಾಗ ಗೊಂದಲ ಶುರುವಾಗುತ್ತದೆ. ನಾನು ನೋಡಿದ ಮಟ್ಟಿಗೆ ಇಂಥ ಕೇಸುಗಳು ಎಡವುವುದು ಇಲ್ಲೇ. ಮಾಲಿನ್ಯವೇ ಆಗಿಲ್ಲ ಅಂತ ತೀರ್ಮಾನವಾಗಿ ಸೋತವು ಕಡಿಮೆ. "ನಿಮ್ಮ ಅರ್ಜಿ ಇಲ್ಲಿಗೆ ಬರುವುದಿಲ್ಲ", "ಅವಧಿ ಮುಗಿದಿದೆ", "ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ" ಅನ್ನಿಸಿಕೊಂಡು ವಾಪಸ್ ಬಂದವೇ ಜಾಸ್ತಿ.

ಅಮೆರಿಕದಲ್ಲಿ ಕ್ಲಾಸ್ ಆಕ್ಷನ್ ಅಂತ ಒಂದು ವ್ಯವಸ್ಥೆ ಇದೆ. ಸಾವಿರಾರು ಜನರಿಗೆ ಒಂದೇ ಕಂಪನಿಯಿಂದ ಒಂದೇ ಥರದ ಅನ್ಯಾಯ ಆದರೆ, ನಾಲ್ಕೈದು ಜನ ಎಲ್ಲರ ಪರವಾಗಿ ಕೋರ್ಟಿಗೆ ಹೋಗಬಹುದು. ಕೋರ್ಟು ಒಪ್ಪಿದರೆ ತೀರ್ಪು ಎಲ್ಲರಿಗೂ ಅನ್ವಯಿಸುತ್ತದೆ. ಹಣ ಕೇಳುವ ಕೇಸಾದರೆ, "ನನಗೆ ಇದು ಬೇಡ" ಅಂತ ಬರೆದುಕೊಟ್ಟವರು ಮಾತ್ರ ಹೊರಗೆ. ಸುಮ್ಮನಿದ್ದವರೆಲ್ಲ ಒಳಗೇ. ಅಲ್ಲಿನ ಫೆಡರಲ್ ಕೋರ್ಟುಗಳ 23ನೇ ನಿಯಮ ಈ ರೂಪಕ್ಕೆ ಬಂದದ್ದು 1966ರಲ್ಲಿ.

ಒಂದು ಉದಾಹರಣೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಅದು ದನ ಕಟ್ಟಿಕೊಂಡ ರೈತನಿಂದ ಶುರುವಾದದ್ದು. ವೆಸ್ಟ್ ವರ್ಜೀನಿಯಾ ರಾಜ್ಯದ ಪಾರ್ಕರ್ಸ್‌ಬರ್ಗ್ ಹತ್ತಿರ ವಿಲ್ಬರ್ ಟೆನಂಟ್ ಅನ್ನುವವರು ದನ ಸಾಕುತ್ತಿದ್ದರು. ಅವರ ಕುಟುಂಬ 1980ರ ದಶಕದಲ್ಲಿ 66 ಎಕರೆ ಜಮೀನನ್ನು ಡ್ಯೂಪಾಂಟ್ ಕಂಪನಿಗೆ ಮಾರಿತ್ತು. ಕಂಪನಿ ಅಲ್ಲಿ ತನ್ನ ಕಸ ಸುರಿಯಿತು. ಆ ಜಾಗದಿಂದ ಹರಿದು ಬರುವ ಹಳ್ಳದ ನೀರನ್ನೇ ದನ ಕುಡಿಯುತ್ತಿದ್ದವು. ಒಂದೊಂದಾಗಿ ಸಾಯತೊಡಗಿದವು, ನೂರಕ್ಕೂ ಹೆಚ್ಚು ಸತ್ತವು. ಟೆನಂಟ್ ಕೈಯಲ್ಲಿ ವಿಡಿಯೋ ಕ್ಯಾಮೆರಾ ಇತ್ತು. ನೊರೆ ಬರುವ ಹಳ್ಳ, ಸೊರಗಿದ ಕರು, ಸತ್ತ ಹಸುವಿನ ಒಡಲು, ಎಲ್ಲವನ್ನೂ ಚಿತ್ರ ತೆಗೆದಿಟ್ಟುಕೊಂಡರು. 1999ರಲ್ಲಿ ರಾಬ್ ಬಿಲಾಟ್ ಅನ್ನುವ ವಕೀಲರು ಅವರ ಪರ ಕೇಸು ಹಾಕಿದರು.

ಕೇಸಿನಲ್ಲಿ ಕಂಪನಿಯ ಕಾಗದಪತ್ರ ತರಿಸಿದಾಗ ದೊಡ್ಡ ವಿಷಯ ಹೊರಬಂತು. ಟೆಫ್ಲಾನ್ ಮಾಡಲು ಬಳಸುತ್ತಿದ್ದ ಪಿಎಫ್ಒಎ ಅನ್ನುವ ರಾಸಾಯನಿಕ ಸುತ್ತಮುತ್ತಲ ಊರುಗಳ ಕುಡಿಯುವ ನೀರಿಗೂ ಸೇರಿತ್ತು. ಟೆನಂಟ್ ಕುಟುಂಬದ ಕೇಸು ರಾಜಿಯಲ್ಲಿ ಮುಗಿಯಿತು. ಆದರೆ 2001ರಲ್ಲಿ ನೀರು ಕುಡಿದ ಎಲ್ಲರ ಪರವಾಗಿ ಬೇರೆ ಕ್ಲಾಸ್ ಆಕ್ಷನ್ ದಾಖಲಾಯಿತು. 2004ರ ಒಪ್ಪಂದದಲ್ಲಿ ಒಂದು ಜಾಣ ಏರ್ಪಾಡು ಇತ್ತು. ಎರಡೂ ಕಡೆಯವರು ಒಪ್ಪಿದ ಮೂವರು ವಿಜ್ಞಾನಿಗಳ ಸಮಿತಿ. ಸುಮಾರು 69 ಸಾವಿರ ಜನ ಪರೀಕ್ಷೆಗೆ ರಕ್ತ ಕೊಟ್ಟರು. ರಕ್ತ ಕೊಟ್ಟು, ಆರೋಗ್ಯದ ಪ್ರಶ್ನೆಗಳಿಗೆ ಉತ್ತರ ಬರೆದುಕೊಟ್ಟವರಿಗೆ ತಲಾ 400 ಡಾಲರ್. ಈ ರಾಸಾಯನಿಕಕ್ಕೂ ಆರು ಕಾಯಿಲೆಗಳಿಗೂ ಸಂಬಂಧ ಇರುವ ಸಾಧ್ಯತೆ ಇದೆ ಅಂತ 2012ರ ಹೊತ್ತಿಗೆ ಸಮಿತಿ ಹೇಳಿತು. ಆ ಆರು ಕಾಯಿಲೆಗಳ ವಿಷಯದಲ್ಲಿ "ಈ ರಾಸಾಯನಿಕದಿಂದ ಅದು ಬರುವುದೇ ಇಲ್ಲ" ಅಂತ ಕಂಪನಿ ಮತ್ತೆ ವಾದ ಮಾಡುವಂತಿರಲಿಲ್ಲ. ಹಾಗಂತ ಎಲ್ಲರಿಗೂ ದುಡ್ಡು ಸಿಗಲಿಲ್ಲ. ತನ್ನ ಕಾಯಿಲೆ ಇದರಿಂದಲೇ ಬಂತು ಅಂತ ಒಬ್ಬೊಬ್ಬರೂ ತಾವೇ ತೋರಿಸಬೇಕಿತ್ತು. 3,500ಕ್ಕೂ ಹೆಚ್ಚು ಜನ ಹಾಗೆ ಕೇಸು ಹಾಕಿದರು. 2017ರಲ್ಲಿ ಅವೆಲ್ಲ ಸುಮಾರು 67 ಕೋಟಿ ಡಾಲರಿಗೆ ಇತ್ಯರ್ಥವಾದವು.

ನಾನು ಇವತ್ತು ಹೇಳಬೇಕೆಂದಿರುವುದು ಇದರಲ್ಲೇ ಇದೆ. ಕೆಡಿಸಿದ್ದು ಯಾರು, ಏನು ಬಿಟ್ಟರು, ಅದು ಎಲ್ಲಿಯವರೆಗೆ ಹರಡಿತು ಅನ್ನುವ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ. ಅದನ್ನು ಒಟ್ಟಿಗೆ ಸಾಬೀತು ಮಾಡಬೇಕು. ನಷ್ಟ ಎಷ್ಟು ಅನ್ನುವುದು ಮನೆಮನೆಗೂ ಬೇರೆ. ಅದನ್ನು ಬೇರೆಬೇರೆಯಾಗಿಯೇ ಬರೆದಿಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೇಸು ಗೆದ್ದರೂ ಕೈಗೆ ಏನೂ ಬರುವುದಿಲ್ಲ.

ಬಿಛ್ರಿಯಲ್ಲಿ ಹೆಚ್ಚುಕಡಿಮೆ ಅದೇ ಆಯಿತು. ಬಿಛ್ರಿ ರಾಜಸ್ಥಾನದ ಉದಯಪುರದ ಹತ್ತಿರದ ಒಂದು ಹಳ್ಳಿ. ಎಚ್-ಆ್ಯಸಿಡ್ ಅನ್ನುವ ರಾಸಾಯನಿಕ ಮಾಡುತ್ತಿದ್ದ ಕಾರ್ಖಾನೆಗಳ ಕೆಸರು, ನೀರು ನೆಲಕ್ಕೆ ಇಳಿದು ಬಾವಿಗಳು ಕೆಟ್ಟವು. ಸುಮಾರು 350 ಹೆಕ್ಟೇರ್ ಜಮೀನು ಹಾಳಾಗಿದೆ ಅಂತ ನೀರಿ (NEERI) ಅನ್ನುವ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆ ವರದಿ ಕೊಟ್ಟಿತು. ಒಂದು ಪರಿಸರ ಸಂಘಟನೆ 1989ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ತೀರ್ಪಿನಲ್ಲಿ ಕೋರ್ಟು, ಕೆಡಿಸಿದವರೇ ಶುದ್ಧ ಮಾಡುವ ಖರ್ಚನ್ನೂ ಕೊಡಬೇಕು ಅಂದಿತು. ಅಪಾಯಕಾರಿ ಕೆಲಸ ಮಾಡುವವರು "ನಾವು ಎಚ್ಚರಿಕೆ ವಹಿಸಿದ್ದೆವು" ಅಂತ ತಪ್ಪಿಸಿಕೊಳ್ಳುವಂತಿಲ್ಲ ಅನ್ನುವ ತತ್ವ ಅದಕ್ಕೂ ಮೊದಲೇ, ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ, 1986ರ ಡಿಸೆಂಬರಿನಲ್ಲಿ ಬಂದಿತ್ತು. ಬಿಛ್ರಿಗೂ ಅದನ್ನೇ ಹಚ್ಚಿದರು. ಆಮೇಲೆ? ಕಂಪನಿಗಳು ಅರ್ಜಿಯ ಮೇಲೆ ಅರ್ಜಿ ಹಾಕುತ್ತಲೇ ಹೋದವು. 2011ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಕೂತು, 37 ಕೋಟಿ ಚಿಲ್ಲರೆ ರೂಪಾಯಿಗೆ ವರ್ಷಕ್ಕೆ ಶೇ 12ರ ಚಕ್ರಬಡ್ಡಿ ಹಾಕಿ ಕಟ್ಟಲು ಹೇಳಬೇಕಾಯಿತು.

ಅದು ಮಣ್ಣು, ನೀರು ಸರಿ ಮಾಡುವ ಹಣ. ರೈತನ ಬೆಳೆನಷ್ಟದ ಹಣ ಅಲ್ಲ. ಊರಿನವರು ತಮ್ಮ ನಷ್ಟಕ್ಕೆ ಬೇರೆ ಸಿವಿಲ್ ದಾವೆ ಹಾಕಿಕೊಳ್ಳಬಹುದು, ಬಡವರೆಂದು ಕೋರ್ಟ್ ಶುಲ್ಕವಿಲ್ಲದೆ ಹಾಕಿದರೆ ರಾಜ್ಯ ಸರ್ಕಾರ ವಿರೋಧಿಸಬಾರದು ಅಂತ 1996ರ ತೀರ್ಪಿನಲ್ಲೇ ಬರೆದಿದ್ದಾರೆ. ದೇಶದ ಕಾನೂನು ಪುಸ್ತಕಗಳಲ್ಲೆಲ್ಲ ಬಿಛ್ರಿ ಹೆಸರಿದೆ. ಆದರೆ ಆ ತೀರ್ಪಿನಲ್ಲಿ ಅಲ್ಲಿನ ರೈತನಿಗೆ ಸಿಕ್ಕಿದ್ದು ಇನ್ನೊಂದು ಕೇಸು ಹಾಕುವ ಅವಕಾಶ, ಅಷ್ಟೇ.

ಇನ್ನೊಂದು ನಮಗೆ ಹತ್ತಿರದ್ದು. ಪಾಲಾರ್ ಹೊಳೆ ಹುಟ್ಟುವುದು ನಮ್ಮ ನಂದಿಬೆಟ್ಟ, ಕೋಲಾರದ ಕಡೆ. ತಮಿಳುನಾಡಿಗೆ ಹೋದ ಮೇಲೆ ವೆಲ್ಲೂರು ಭಾಗದ ಚರ್ಮ ಹದ ಮಾಡುವ ಕಾರ್ಖಾನೆಗಳ ಕೊಳಕು ಅದಕ್ಕೆ ಸೇರಿತು. ಅದೇ 1996ರಲ್ಲಿ ಸುಪ್ರೀಂ ಕೋರ್ಟು ಅಲ್ಲಿಗೆ ಪ್ರತ್ಯೇಕ ಪ್ರಾಧಿಕಾರ ಮಾಡಿಸಿತು. ಅದರ ಕೆಲಸ ಎಣಿಸುವುದು. ಯಾವ ಊರು, ಯಾರ ಜಮೀನು, ಎಷ್ಟು ಹಾಳಾಗಿದೆ. 2001ರಲ್ಲಿ ಪ್ರಾಧಿಕಾರ ಪಟ್ಟಿ ಕೊಟ್ಟಿತು. ಸುಮಾರು 15 ಸಾವಿರ ಹೆಕ್ಟೇರ್, 29 ಸಾವಿರ ಚಿಲ್ಲರೆ ರೈತರು, ಸುಮಾರು 26.8 ಕೋಟಿ ರೂಪಾಯಿ. ಕೇಳಿದರೆ ದೊಡ್ಡ ಮೊತ್ತ. ಭಾಗಿಸಿ ನೋಡಿ. ಒಬ್ಬರಿಗೆ ಸರಾಸರಿ 9 ಸಾವಿರದಷ್ಟು. ಅದೂ 1991ರಿಂದ 1998ರವರೆಗಿನ ನಷ್ಟಕ್ಕೆ, ಅಂದರೆ ವರ್ಷಕ್ಕೆ ಸಾವಿರ ಚಿಲ್ಲರೆ. ಇದನ್ನು ಪರಿಹಾರ ಅನ್ನಬೇಕೋ ಬೇಡವೋ ನೀವೇ ಹೇಳಿ. ಆದರೂ ಅಲ್ಲಿ ಒಂದು ಕೆಲಸ ಆಯಿತು: ಪಟ್ಟಿ ಇತ್ತು, ಪಟ್ಟಿಯಲ್ಲಿ ಹೆಸರಿತ್ತು. ಇನ್ನೂ ಪರಿಹಾರ ಸಿಗದವರಿಗೆ ಕೊಡಿ, ಕೆಡಿಸಿದವರಿಂದ ವಸೂಲಿ ಮಾಡಿ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿದಾಗ ಅದಕ್ಕೆ ಆಧಾರವಾದದ್ದೂ ಆ ಎಣಿಕೆಯೇ.

ತಿರುಪ್ಪೂರಿನ ನೊಯ್ಯಲ್ ಹೊಳೆ ಬಗ್ಗೆ ಒಂದೇ ಮಾತು. ಬಣ್ಣದ ಕಾರ್ಖಾನೆಗಳ ನೀರು ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತಿತು. ಕೆಳಗಿನ ರೈತರು "ನೀರು ಬಿಡಬೇಡಿ" ಅಂತ ಕೇಳುವ ಪರಿಸ್ಥಿತಿ ಬಂತು. ನಾಲೆಗೆ ನೀರು ಬಿಡಿ ಅಂತ ಹೆದ್ದಾರಿಯಲ್ಲಿ ಕೂತು ಅಭ್ಯಾಸ ಇರುವ ಮಂಡ್ಯದವರಿಗೆ ಇದು ಎಂಥ ಮಾತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೋರ್ಟಿಗೆ ಹೋದದ್ದು ಅಚ್ಚುಕಟ್ಟುದಾರ ರೈತರ ಸಂಘವೇ. ಕೊಳಕು ನೀರನ್ನು ಒಂದು ಹನಿಯೂ ಹೊರಗೆ ಬಿಡಬಾರದು ಅನ್ನುವ ಶೂನ್ಯ ತ್ಯಾಜ್ಯದ ಷರತ್ತು ಪಾಲಿಸುವವರೆಗೆ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿ ಅಂತ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಆದೇಶ ಕೊಟ್ಟಿತು.

ಈಗ ನಮ್ಮ ಬಾಗಿಲುಗಳಿಗೆ ಬರೋಣ. ಅಮೆರಿಕದ ಥರದ ಕ್ಲಾಸ್ ಆಕ್ಷನ್ ನಮ್ಮಲ್ಲಿ ಜಮೀನು ಕೆಟ್ಟ ವಿಷಯಕ್ಕೆ ಇಲ್ಲ. ಕಂಪನಿ ಕಾಯ್ದೆಯಲ್ಲಿ ಷೇರುದಾರರಿಗೆ, ಠೇವಣಿದಾರರಿಗೆ ಇದೆ. ಗ್ರಾಹಕರಿಗೂ ಒಂದು ಬಗೆಯದು ಇದೆ. ರೈತರಿಗೆ ಇರುವ ಹಳೆಯ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ ಒಂದು, ರೂಲ್ ಎಂಟು. ಒಂದೇ ಹಿತಾಸಕ್ತಿ ಇರುವ ಅನೇಕರ ಪರವಾಗಿ ಒಬ್ಬರೋ ಇಬ್ಬರೋ ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಉಳಿದವರಿಗೆಲ್ಲ ನೋಟಿಸ್ ಹೋಗಬೇಕು, ಇಲ್ಲವೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. "ಎಲ್ಲರ ನಷ್ಟವೂ ಬೇರೆ, ಹಾಗಾಗಿ ಒಟ್ಟಿಗೆ ಬರುವಂತಿಲ್ಲ" ಅಂತ ಎದುರು ವಕೀಲರು ಹೇಳಿಯೇ ಹೇಳುತ್ತಾರೆ. ಅದಕ್ಕೆ 1990ರ ತಮಿಳುನಾಡು ಹೌಸಿಂಗ್ ಬೋರ್ಡ್ ತೀರ್ಪು ಉತ್ತರ. ಮನೆ ಹಂಚಿಕೆಯಾದವರಿಗೆ ಬೇರೆಬೇರೆ ಬೇಡಿಕೆ ನೋಟಿಸ್ ಬಂದಿದ್ದರೂ, ಮೂಲ ಪ್ರಶ್ನೆ ಒಂದೇ ಇದ್ದರೆ ಪ್ರಾತಿನಿಧಿಕ ದಾವೆ ನಡೆಯುತ್ತದೆ ಅಂತ ಸುಪ್ರೀಂ ಕೋರ್ಟು ಹೇಳಿದೆ. ಇಲ್ಲಿರುವ ವಿದ್ಯಾರ್ಥಿಗಳು ಅದನ್ನು ಓದಿಕೊಳ್ಳಿ.

ಆದರೆ 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಕಾಯ್ದೆ ಬಂದ ಮೇಲೆ, ಪರಿಸರ ಹಾನಿಯ ಪರಿಹಾರದ ಕೇಸಿಗೆ ಸಿವಿಲ್ ಕೋರ್ಟಿನ ಬಾಗಿಲನ್ನು 29ನೇ ಸೆಕ್ಷನ್ ಮುಚ್ಚಿದೆ. ಹಾಗಾಗಿ ಈಗ ಮುಖ್ಯ ದಾರಿ ಚೆನ್ನೈನಲ್ಲಿರುವ ಆ ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠ. ದೂರ ಅಂತ ಹೆದರಬೇಡಿ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು, ವಿಡಿಯೋದಲ್ಲೂ ವಿಚಾರಣೆ ನಡೆಯುತ್ತದೆ. ಹಾನಿಯಾದ ಆಸ್ತಿಯ ಮಾಲೀಕರು ಅರ್ಜಿ ಹಾಕಬಹುದು, ನೊಂದವರ ಸಂಘವೂ ಹಾಕಬಹುದು. ಫ್ಯಾಕ್ಟರಿಯವರ ತಪ್ಪು ಇತ್ತು ಅಂತ ಸಾಬೀತು ಮಾಡುವ ಹೊಣೆ ನಿಮ್ಮದಲ್ಲ. ಅವರಿಂದ ಹಾನಿ ಆಯಿತು ಅಂತ ತೋರಿಸಿದರೆ ಸಾಕು.

ಇಲ್ಲಿ ಎರಡು ಕಡೆ ಜೋಪಾನ. ಮೊದಲನೆಯದು ಅವಧಿ. 14ನೇ ಸೆಕ್ಷನ್ ಪ್ರಕಾರ ವಿವಾದ ತೀರ್ಮಾನ ಮಾಡಿ ಅಂತ ಹೋದರೆ 6 ತಿಂಗಳು. 15ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಿದರೆ 5 ವರ್ಷ. ಸಕಾರಣ ಇದ್ದರೆ ಎರಡಕ್ಕೂ ಇನ್ನು 60 ದಿನ. ಈ ಲೆಕ್ಕ ಶುರುವಾಗುವುದು ಕೇಸಿಗೆ ಕಾರಣ ಮೊದಲು ಹುಟ್ಟಿದ ದಿನದಿಂದ. ನಮ್ಮ ಜನ "ನೋಡೋಣ, ಮುಂದಿನ ಫಸಲು ಸರಿಹೋಗಬಹುದು" ಅಂತ ಎರಡು ಮೂರು ವರ್ಷ ಕಳೆದುಬಿಡುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ಪರಿಸರಕ್ಕೆ ಹಾನಿ ಅಂತ ಮಾತ್ರ ಅರ್ಜಿಯಲ್ಲಿ ಬರೆದರೆ, ನ್ಯಾಯಮಂಡಳಿ ಕೊಡಿಸುವ ಹಣ ಪರಿಸರ ಪರಿಹಾರ ನಿಧಿಗೆ ಹೋಗುತ್ತದೆ, ನಿಮ್ಮ ಖಾತೆಗೆ ಅಲ್ಲ. 24ನೇ ಸೆಕ್ಷನ್ನಿನಲ್ಲಿ ಹಾಗೇ ಇದೆ. ಪತ್ರಿಕೆಯಲ್ಲಿ "ಕಾರ್ಖಾನೆಗೆ ಕೋಟಿ ಕೋಟಿ ದಂಡ" ಅಂತ ಓದುತ್ತೀರಲ್ಲ, ಅದರಲ್ಲಿ ಪಕ್ಕದ ಗದ್ದೆಯವನಿಗೆ ಬಿಡಿಗಾಸೂ ಬರದೆ ಇರಬಹುದು. ಕಾಯ್ದೆಯ ಎರಡನೇ ಅನುಸೂಚಿ ತೆಗೆದು ನೋಡಿ. ಖಾಸಗಿ ಆಸ್ತಿ, ಬೆಳೆ, ತರಕಾರಿ, ಮರ, ತೋಟ, ಹಾಲು ಕೊಡುವ ದನ, ಉಳುವ ಎತ್ತು, ಕೂಲಿ ನಷ್ಟ, ಆಸ್ಪತ್ರೆ ಖರ್ಚು, ಎಲ್ಲದಕ್ಕೂ ಅಲ್ಲಿ ಜಾಗ ಇದೆ. ಯಾರಿಗೆ ಯಾವ ಬಾಬ್ತಿನಲ್ಲಿ ಎಷ್ಟು ಅಂತ ಹೆಸರು, ಸರ್ವೆ ನಂಬರ್ ಹಾಕಿ ಪಟ್ಟಿ ಲಗತ್ತಿಸಬೇಕು. ಈ ಪಟ್ಟಿ ಮಾಡುವ ಕೆಲಸಕ್ಕೆ ವಕೀಲರು ಬೇಕಾಗಿಲ್ಲ. ಊರಿನಲ್ಲಿ ಲೆಕ್ಕ ಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ಕೂತರೆ ಆಗುತ್ತದೆ.

ಸಾಕ್ಷಿ ಎಲ್ಲಿಂದ ತರೋದು ಅಂತೀರಾ? ನಿಮ್ಮ ಮನೆಯಲ್ಲೇ ಇದೆ. ಡೈರಿಗೆ ಹಾಲು ಹಾಕುತ್ತೀರಲ್ಲ, ಆ ಪಾಸ್‌ಬುಕ್‌ನಲ್ಲಿ ದಿನದ ಲೀಟರು, ಫ್ಯಾಟು ಎಲ್ಲ ಇರುತ್ತದೆ. ಯಾವ ತಿಂಗಳಿಂದ ಇಳಿಯಿತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಾ? ಕಬ್ಬು ಸಾಗಿಸಿದ ತೂಕದ ಚೀಟಿ ಎಕರೆಗೆ ಎಷ್ಟು ಟನ್ ಬಂತು ಅಂತ ಹೇಳುತ್ತದೆ. ಪಹಣಿಯ ಬೆಳೆ ಕಾಲಂ, ಸೊಸೈಟಿ ಸಾಲದ ಕಾಗದ, ಪಶುವೈದ್ಯರ ಚೀಟಿ, ಇವನ್ನೆಲ್ಲ ಒಂದು ಚೀಲಕ್ಕೆ ಹಾಕಿಡಿ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ಇದ್ದರಂತೂ ಬಂಗಾರ. ಕೆಡುವುದಕ್ಕೆ ಮೊದಲು ಮಣ್ಣು ಹೇಗಿತ್ತು ಅನ್ನುವುದಕ್ಕೆ ಸರ್ಕಾರವೇ ಕೊಟ್ಟ ಕಾಗದ ಅದು. ನಮ್ಮಲ್ಲಿ ಬಹಳ ಜನ ಅದನ್ನು ಸೂರಿಗೆ ಸಿಕ್ಕಿಸಿ ಮರೆತುಬಿಟ್ಟಿದ್ದಾರೆ.

ಮಂಡ್ಯದಲ್ಲಿ ಮೊದಲಿನ ಸ್ಥಿತಿ ತೋರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಜೌಗು, ಚೌಳು ಹೊಸದಲ್ಲ. ನೀರು ನಿಂತೂ ನಿಂತೂ ಉಪ್ಪೇರಿದ ಗದ್ದೆಗಳು ಇವೆ. ಎದುರು ವಕೀಲರು ಬರುವುದೇ ಈ ದಾರಿಯಲ್ಲಿ. "ಇದು ಫ್ಯಾಕ್ಟರಿ ಉಪ್ಪಲ್ಲ ಸ್ವಾಮಿ, ಇವರು ಬಸಿಗಾಲುವೆ ಮಾಡಿಕೊಳ್ಳದೆ ತಾವೇ ತರಿಸಿಕೊಂಡ ಚೌಳು" ಅನ್ನುತ್ತಾರೆ. ಅದಕ್ಕೇ ಕೆಟ್ಟ ಗದ್ದೆಯ ಮಣ್ಣು ಮಾತ್ರ ತೆಗೆದರೆ ಸಾಲದು. ಫ್ಯಾಕ್ಟರಿ ತೂಬಿಗಿಂತ ಮೇಲಿನ, ಅದೇ ನಾಲೆಯ ನೀರು ಕುಡಿಯುವ ಗದ್ದೆಯ ಮಣ್ಣೂ ಬೇಕು. ಮೇಲಿನದು ಚೆನ್ನಾಗಿದ್ದು ಕೆಳಗಿನದು ಕೆಟ್ಟಿದ್ದರೆ ಅವರ ಮಾತು ಬಿದ್ದುಹೋಗುತ್ತದೆ. ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ರಸಸಾರ (ಹುಳಿ, ಕ್ಷಾರದ ಅಳತೆ), ಲವಣಾಂಶ ನೋಡಿಸಬಹುದು. ಸೀಸ, ಕ್ರೋಮಿಯಂ ಥರದ ಲೋಹಗಳಿಗಾದರೆ ಎನ್‌ಎಬಿಎಲ್ ಅನ್ನುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರುವ ಲ್ಯಾಬೇ ಬೇಕು.

ನೀರಿನ ಮಾದರಿ ತೆಗೆಯುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೋರ್‌ವೆಲ್ ಆದರೆ ಮೋಟಾರ್ ಹಾಕಿದ ಕೂಡಲೇ ಹಿಡಿಯಬೇಡಿ. ಪೈಪಿನಲ್ಲಿ ನಿಂತ ನೀರು ಹೋಗಲಿ, ಹತ್ತು ಹದಿನೈದು ನಿಮಿಷ ಬಿಡಿ. ಬಾಟಲಿ ಲ್ಯಾಬಿನವರೇ ಕೊಟ್ಟದ್ದಾಗಲಿ. ಲೋಹ ಪರೀಕ್ಷೆಯ ಬಾಟಲಿಗೆ ಅವರು ನೈಟ್ರಿಕ್ ಆಮ್ಲ ಹಾಕುತ್ತಾರೆ, ಅದನ್ನು ತೊಳೆಯಬೇಡಿ. ನೀರಿನಲ್ಲಿ ಕೊಳೆ ಎಷ್ಟಿದೆ ಅಂತ ಅಳೆಯುವ ಸಿಒಡಿ, ಬಿಒಡಿ ಪರೀಕ್ಷೆಯ ಬಾಟಲಿ ಐಸ್ ಡಬ್ಬದಲ್ಲಿ ಹೋಗಬೇಕು. ಸ್ಥಳದಲ್ಲೇ ಮಹಜರು ಬರೆಯಿರಿ. ದಿನಾಂಕ, ಸಮಯ, ಸರ್ವೆ ನಂಬರ್, ಯಾರು ತೆಗೆದರು, ಯಾರು ನೋಡಿದರು. ಸಾಕ್ಷಿಗೆ ಸಹಿ ಹಾಕುವವರು ಕೇಸಿಗೆ ಸಂಬಂಧ ಇಲ್ಲದವರಾದರೆ ಒಳ್ಳೆಯದು, ಶಾಲೆ ಮೇಷ್ಟ್ರಾದರೆ ಇನ್ನೂ ಒಳ್ಳೆಯದು. ಫ್ಯಾಕ್ಟರಿ ಕೊಳವೆಯಿಂದಲೇ ಮಾದರಿ ತೆಗೆಯಬೇಕಾದರೆ ಅದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅವರು ಅಲ್ಲಿನವರಿಗೆ ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಸೀಲ್ ಹಾಕಿ ಎರಡೂ ಕಡೆಯವರ ಸಹಿ ತೆಗೆದುಕೊಳ್ಳಬೇಕು. ಈ ಕ್ರಮ ತಪ್ಪಿದರೆ ವರದಿಯಲ್ಲಿ ಎಷ್ಟೇ ವಿಷ ಇದ್ದರೂ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ದೂರನ್ನು ಬರವಣಿಗೆಯಲ್ಲೇ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಬಾಯಲ್ಲಿ ಹೇಳಿದ ದೂರು ಗಾಳಿಗೆ ಹೋದಂತೆ.

ರಾಜಿ ಬಗ್ಗೆ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಭೋಪಾಲ್ ದುರಂತ ಆದದ್ದು 1984ರ ಡಿಸೆಂಬರ್ 2ರ ರಾತ್ರಿ. 1985ರಲ್ಲಿ ಕಾಯ್ದೆ ಮಾಡಿ, ನೊಂದವರೆಲ್ಲರ ಪರವಾಗಿ ಕೇಸು ನಡೆಸುವ ಹಕ್ಕನ್ನು ಕೇಂದ್ರ ಸರ್ಕಾರ ತಾನೇ ತೆಗೆದುಕೊಂಡಿತು. 1989ರ ಫೆಬ್ರುವರಿಯಲ್ಲಿ 47 ಕೋಟಿ ಡಾಲರಿಗೆ ರಾಜಿ ಆಯಿತು. ಯಾರ ಪರವಾಗಿ ರಾಜಿ ಆಯಿತೋ ಅವರನ್ನು ಯಾರೂ ಕೇಳಲಿಲ್ಲ. ನೋಟಿಸ್ ಕೊಡಬೇಕಿತ್ತು ಅಂತ ಸುಪ್ರೀಂ ಕೋರ್ಟು ಅದೇ ವರ್ಷದ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು, ಆದರೂ ಕಾಯ್ದೆಯನ್ನು ಎತ್ತಿಹಿಡಿಯಿತು. ಆ ಹಣ ಸಾಲದು ಅಂತ ಸರ್ಕಾರ ಹಾಕಿದ್ದ ಕೊನೆಯ ಅರ್ಜಿಯೂ 2023ರ ಮಾರ್ಚಿನಲ್ಲಿ ವಜಾ ಆಯಿತು. ನಿಮ್ಮ ಪರವಾಗಿ ಮಾತಾಡುವವರು ಸರ್ಕಾರವೇ ಆಗಿರಲಿ, ಸಂಘದ ಅಧ್ಯಕ್ಷರೇ ಆಗಿರಲಿ, ಎಷ್ಟಕ್ಕೆ ಒಪ್ಪುತ್ತೀರಿ ಅಂತ ಮೊದಲೇ ಕೇಳಿ, ಸಭೆ ನಡಾವಳಿಯಲ್ಲಿ ಬರೆಸಿ. ಆಗಲೇ ಹೇಳಿದ ರೂಲ್ ಎಂಟರ ಪ್ರಾತಿನಿಧಿಕ ದಾವೆಯಲ್ಲಾದರೆ ಉಳಿದವರಿಗೆ ನೋಟಿಸ್ ಹೋಗದೆ ರಾಜಿ ಮಾಡುವಂತೆಯೇ ಇಲ್ಲ.

ಇನ್ನು ಪ್ರಶ್ನೆಗಳು. ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ಕೇಳಿದರು: "ಸಾ, ಪಾಣಿ ಇನ್ನೂ ನಮ್ಮ ಮಾವನ ಹೆಸ್ರಲ್ಲೇ ಅದೆ. ಅವ್ರು ತೀರ್ಕಂಡು ಎಷ್ಟೋ ವರ್ಸ ಆಯ್ತು. ನಮ್ಗೆ ಬತ್ತದಾ ದುಡ್ಡು?" ಬರುತ್ತದಮ್ಮ, ಆದರೆ ಆ ಹೊತ್ತಿಗೆ ಜಗಳವೂ ಬರುತ್ತದೆ. ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಎಲ್ಲರಿಗೂ ಪಾಲು ಇರುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆಗೆ ಈಗಲೇ ಅರ್ಜಿ ಹಾಕಿ. ಕೇಸಿಗೆ ವಾರಸುದಾರರೆಲ್ಲ ಒಟ್ಟಿಗೆ ಸಹಿ ಹಾಕಿ. ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ ಗೇಯುವವರು ಇದ್ದರೆ ಅವರದ್ದೂ ಬೇರೆ ಬರೆಯಬೇಕು. ಜಮೀನಿನ ಬೆಲೆ ಬಿದ್ದ ನಷ್ಟ ಒಡೆಯನದು, ಬೆಳೆ ನಷ್ಟ ಬೆಳೆದವನದು.

ಖರ್ಚಿನ ಬಗ್ಗೆ ಒಬ್ಬ ಯುವಕ ಕೇಳಿದ. ಅಮೆರಿಕದಲ್ಲಿ ಗೆದ್ದರೆ ವಕೀಲರಿಗೆ ಒಂದು ಪಾಲು, ಸೋತರೆ ಇಲ್ಲ. ನಮ್ಮಲ್ಲಿ ವಕೀಲರು ಪರ್ಸೆಂಟೇಜ್ ಮಾತಾಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ಬಿಡುವುದಿಲ್ಲ. ಯಾರಾದರೂ ಹಾಗೆ ಹೇಳಿಕೊಂಡು ಊರಿಗೆ ಬಂದರೆ ಅನುಮಾನ ಪಡಿ. ಇಂಥ ದೊಡ್ಡ ಕೇಸುಗಳು ನಮ್ಮಲ್ಲಿ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಿದರೆ ಕೇಳಿದ ಮೊತ್ತದ ಶೇ 1 ಶುಲ್ಕ. ಹಾಗಾಗಿ ಬಾಯಿಗೆ ಬಂದಷ್ಟು ಕೋಟಿ ಬರೆಯಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ದುರಂತದಲ್ಲಿ ನೊಂದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೇಳುವ ಹಕ್ಕು 1987ರ ಕಾಯ್ದೆಯಲ್ಲೇ ಇದೆ.

ಕೊನೆಗೆ ಹಿರಿಯರೊಬ್ಬರು ಕೇಳಿದ್ದು: "ಫ್ಯಾಕ್ಟ್ರಿಯವ್ರೇ ಮನೆಗ್ ಬಂದು, ತಗಳಿ ಗೌಡ್ರೇ ಅಂತ ಒಂದಷ್ಟು ದುಡ್ಡು ಕೊಟ್ರೆ ಬ್ಯಾಡ ಅನ್ಬೇಕಾ?" ಬೇಡ ಅನ್ನಬೇಡಿ. ಸಾಲ ಇರುತ್ತದೆ, ಮಗಳ ಮದುವೆ ಇರುತ್ತದೆ, ನನಗೆ ಗೊತ್ತು. ಆದರೆ ಸಹಿ ಹಾಕುವ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಪರಿಹಾರ" ಅಂತ ಇದೆಯಾ ನೋಡಿ. ಇದ್ದರೆ ಹೊಡೆದುಹಾಕಿಸಿ, "ಈ ಸಾಲಿನ ಬೆಳೆ ನಷ್ಟಕ್ಕೆ ಮಾತ್ರ" ಅಂತ ಬರೆಸಿ, ಒಂದು ಪ್ರತಿ ಇಟ್ಟುಕೊಂಡು ದುಡ್ಡು ತೆಗೆದುಕೊಳ್ಳಿ. ಬರೆಯಲು ಒಪ್ಪದಿದ್ದರೆ ಸಹಿ ಹಾಕದೆ ಆ ಕಾಗದ ಇಸ್ಕೊಂಡು ವಕೀಲರ ಹತ್ತಿರ ಬನ್ನಿ. ಅವರು ಎಷ್ಟು ಕೊಡಲು ತಯಾರಿದ್ದರು, ಯಾವ ತಾರೀಖಿನಲ್ಲಿ, ಯಾವ ಸರ್ವೆ ನಂಬರಿಗೆ ಅನ್ನುವುದು ಅದರಲ್ಲೇ ಇರುತ್ತದೆ.